ಖಾದರ್ ಸಾಬರ ಸ್ಪ್ರಿಂಗ್ ಪರೀಕ್ಷೆ

ಯೂನಿವರ್ಸಿಟಿ ಲ್ಯಾಬಿನ ಕೆಲಸಕ್ಕೆಂದು ತಿರುಮಣಿಯ ಸೋಲಾರ್ ಪಾರ್ಕಿಗೆ ಕೇಬಲ್ ಸುರುಳಿ ಹೊತ್ತು ಹೊರಟರೆ ನನ್ನ ಹಳೆಯ ಎಸ್‌ಯುವಿಯ ಹಿಂಭಾಗ ಕುಸಿದು ಕೂರುತ್ತಿತ್ತು. ರಸ್ತೆಯ ಪ್ರತಿ ಹಂಪಿನಲ್ಲೂ ಸೈಲೆನ್ಸರ್ ನೆಲಕ್ಕೆ ಉಜ್ಜುತ್ತಿತ್ತು. ಇನ್ನೆರಡು ಸಲ ಉಜ್ಜಿದರೆ ಅದು ರಸ್ತೆಯಲ್ಲೇ ಉಳಿಯುತ್ತಿತ್ತು. ಎತ್ತರದ ಸ್ಪ್ರಿಂಗ್ ತರಿಸಿ, ಶಿರಾದ ಮೆಕ್ಯಾನಿಕ್ ಖಾದರ್ ಸಾಬರಿಂದ ಹಿಂದಿನ ಎರಡು ಚಕ್ರಕ್ಕೂ ಹಾಕಿಸಿದೆ. ಟೇಪು ಹಿಡಿದು ಅಳೆದೆ. ಎರಡು ಇಂಚು ಮೇಲೆದ್ದಿತ್ತು.

“ಖಾಲಿ ಗಾಡಿ ಅಳೆದು ಏನ್ ಸಾರ್ ಪ್ರಯೋಜನ? ಲೋಡ್ ಹಾಕಿ ಹಂಪ್ ಹತ್ತಿಸ್ಬೇಕು,” ಎಂದ ಸಾಬರು ಎದುರಿನ ಬಸ್ ಸ್ಟಾಪಿನತ್ತ ಕೂಗಿದರು. “ಬರ್ರಪ್ಪಾ ಐದು ಜನ! ದಪ್ಪಗಿರೋರು ಮೊದ್ಲು!”

ಏಕೆಂದು ಯಾರೂ ಕೇಳಲಿಲ್ಲ. ಅಭ್ಯಾಸವಿದ್ದವರಂತೆ ಬಂದು ಹತ್ತಿದರು. ಕೊನೆಗೆ ಒಬ್ಬ ಅಜ್ಜಿ ರಾಗಿ ಮೂಟೆ ಎಳೆದುಕೊಂಡು ಬಂದರು.

“ನೀನ್ಯಾಕಮ್ಮ? ಕಡ್ಡಿ ಇದ್ದಂಗಿದ್ದೀಯ,” ಎಂದರು ಸಾಬರು.

“ಮೂಟೆ ನೋಡ್ಲಾ, ನನ್ನನ್ಯಾಕೆ ನೋಡ್ತೀಯ?”

ಗ್ಯಾರೇಜಿನ ಮುಂದಿನ ಹಂಪ್ ದಾಟಿಸಿದೆ. ಸದ್ದೇ ಇಲ್ಲ. ಹಿಂದಿನಿಂದ ಚಪ್ಪಾಳೆ ಬಂತು. ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಇನ್ನು ಇಳಿಯಬಹುದು ಎಂದೆ. ಯಾರೂ ಅಲುಗಾಡಲಿಲ್ಲ.

“ಇಳಿಯೋದ್ಯಾಕೆ? ನಾವೆಲ್ಲ ಮಧುಗಿರಿಗೆ ಹೋಗೋರು ಕಣಪ್ಪ,” ಎಂದರು ಅಜ್ಜಿ. “ನೀನೂ ಆ ಕಡೇನೇ ಹೋಗೋನಂತೆ, ಸಾಬಿ ಬೆಳಗ್ಗೇನೇ ಹೇಳಿದ್ದ.”

ಸಾಬರ ಕಡೆ ನೋಡಿದೆ. ಅವರು ಕೈ ಒರೆಸಿಕೊಳ್ಳುತ್ತಾ, “ಒಂದೇ ಹಂಪಲ್ಲಿ ಏನ್ ಗೊತ್ತಾಗ್ತದೆ ಬುಡಿ ಸಾರ್,” ಎಂದರು.

ಮಧುಗಿರಿಯವರೆಗೆ ಹದಿನೇಳು ಹಂಪು ಎಣಿಸಿದೆ. ಒಂದರಲ್ಲೂ ಸೈಲೆನ್ಸರ್ ಉಜ್ಜಲಿಲ್ಲ. ಇಷ್ಟು ಕಟ್ಟುನಿಟ್ಟಾದ ಪ್ರಯೋಗ ನಮ್ಮ ಯೂನಿವರ್ಸಿಟಿ ಲ್ಯಾಬಿನಲ್ಲೂ ನಡೆದದ್ದಿಲ್ಲ. ಅಲ್ಲಿ ತೂಕದ ಬಟ್ಟುಗಳು ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.