ಎಲೆ ಕೊಟ್ಟ ಮೇಲೆ ಬಂದ ಫೆಲೋಶಿಪ್

ಇದು ಮೂರು ವರ್ಷದ ಹಿಂದಿನ ಬೇಸಗೆಯ ಮಾತು. ಕನ್ನಡ, ತೆಲುಗು ಎರಡೂ ಆಡುವ ಗಡಿಯೂರು ನಾರಾಯಣಪೇಟೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಾನು ಆಗಷ್ಟೇ ನಿವೃತ್ತಳಾಗಿದ್ದೆ. ನಾನು ಕೆಲಸ ಬಿಟ್ಟರೂ ಕೆಲಸ ನನ್ನನ್ನು ಬಿಟ್ಟಿರಲಿಲ್ಲ. ಭಾನುವಾರ ಬಂತೆಂದರೆ ನಮ್ಮ ಪಡಸಾಲೆ ತುಂಬ ಹುಡುಗ ಹುಡುಗಿಯರು. ಎಂ.ಎಸ್ಸಿ.ಗೆ ಎಲ್ಲಿ ಅರ್ಜಿ ಹಾಕಬೇಕು, ಪ್ರವೇಶ ಪರೀಕ್ಷೆಗೆ ಏನು ಓದಬೇಕು, ಪಿಎಚ್.ಡಿ. ಮಾಡಿದರೆ ಮುಂದೆ ಹೊಟ್ಟೆಗೆ ದಾರಿ ಇದೆಯೇ ಎಂದು ಕೇಳುತ್ತಿದ್ದರು. ಫೀಸು ತೆಗೆದುಕೊಳ್ಳುತ್ತಿರಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಕೊಡುತ್ತಿದ್ದೆ. ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಎದ್ದು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ರೇಣುಕಾ ಹಾಗೆ ತಲೆಯಾಡಿಸುವ ಪೈಕಿಯವಳೇ. ಉಟ್ಕೂರಿನ ಹತ್ತಿರದ ಹಳ್ಳಿಯವಳು, ಕುರಿ ಸಾಕುವ ಮನೆತನ, ಮನೆದೇವರು ಬೀರಪ್ಪ. ಪದವಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಎಂ.ಎಸ್ಸಿ. ಮುಗಿಸಿದ ಮೇಲೆ ಕುರಿಯ ಹೊಟ್ಟೆಯ ಜಂತುಹುಳಗಳ ಬಗ್ಗೆ ಸಂಶೋಧನೆ ಮಾಡಬೇಕೆಂದು ಬಂದಳು. ಬೇರೆ ಮಕ್ಕಳು ಇಂಥ ವಿಷಯವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತರುತ್ತಾರೆ. ಇವಳು ಮಳೆಗಾಲದಲ್ಲಿ ಮರಿಗಳು ಯಾಕೆ ಸೊರಗುತ್ತವೆ ಎಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದವಳು.

ನಾನು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಪಿಎಚ್.ಡಿ.ಗೆ ಸೇರುವಾಗ ಗೈಡ್, ಅಂದರೆ ಮಾರ್ಗದರ್ಶಕರು, ಎಷ್ಟು ದೊಡ್ಡವರು ಅನ್ನುವುದಕ್ಕಿಂತ ಮೊದಲು ಫೆಲೋಶಿಪ್ ಇದೆಯೋ ಇಲ್ಲವೋ ನೋಡಬೇಕು. ಫೆಲೋಶಿಪ್ ಎಂದರೆ ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಬರುವ ಸಂಬಳದಂಥದ್ದು. ಅದಿಲ್ಲದೆ ಸೇರಿದವರು ಗೈಡ್ ಹೇಳಿದ್ದಕ್ಕೆ ಇಲ್ಲ ಅನ್ನಲಾರರು. ಅವರ ಉತ್ತರಪತ್ರಿಕೆ ತಿದ್ದುತ್ತ, ಟಿಕೆಟ್ ಮಾಡಿಸುತ್ತ, ಅವರ ಮಕ್ಕಳಿಗೆ ಪಾಠ ಹೇಳಿಕೊಡುತ್ತ ವರ್ಷಗಳನ್ನು ಕಳೆಯುತ್ತಾರೆ. ಕೊನೆಗೆ ಪದವಿ ಬಂದರೂ ತೋರಿಸಲು ಒಂದು ಒಳ್ಳೆಯ ಪ್ರಬಂಧವಿರುವುದಿಲ್ಲ. ಆಮೇಲೆ ತಾತ್ಕಾಲಿಕ ಉಪನ್ಯಾಸಕರಾಗಿ ಕಾಲೇಜಿನಿಂದ ಕಾಲೇಜಿಗೆ ಅಲೆಯಬೇಕು.

ಪರೀಕ್ಷೆ, ಸಂದರ್ಶನ ಎರಡೂ ಮುಗಿದವು. ಒಂದು ದಿನ ರೇಣುಕಾ ಫೋನ್ ಮಾಡಿದಳು. ಹೊರರಾಜ್ಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಫೆಲೋಶಿಪ್ ಸಮೇತ ಸೀಟು ಸಿಕ್ಕಿತ್ತು. ಒಂದು ವಾರದೊಳಗೆ ಒಪ್ಪಿಗೆ ತಿಳಿಸಬೇಕು, ಇಲ್ಲವಾದರೆ ವೇಟಿಂಗ್ ಲಿಸ್ಟಿನಲ್ಲಿ ಮುಂದೆ ಇರುವವರಿಗೆ ಅದು ಹೋಗುತ್ತದೆ. ನಾನು ಕುಣಿಯುವುದೊಂದು ಬಾಕಿ. ಅವಳ ದನಿಯಲ್ಲಿ ಮಾತ್ರ ಜೀವ ಇರಲಿಲ್ಲ.

ಮರುದಿನ ಅಪ್ಪನ ಜೊತೆ ಬಂದಳು. ಮಾಳಪ್ಪನವರು ಕಡಿಮೆ ಮಾತಿನ, ನೇರ ಮನುಷ್ಯ. ಕುರ್ಚಿ ತೋರಿಸಿದರೂ ಹೊಸ್ತಿಲ ಹತ್ತಿರ ನೆಲದ ಮೇಲೆಯೇ ಕೂತು ವಿಷಯ ಹೇಳಿದರು. ಫಲಿತಾಂಶದ ಸುಳಿವೇ ಇಲ್ಲದಿದ್ದಾಗ, ಗದ್ವಾಲದಲ್ಲಿ ನಮ್ಮ ಕಡೆಯವರೇ ಒಬ್ಬ ಪ್ರೊಫೆಸರ್ ಇದ್ದಾರೆ ಎಂದು ಯಾರೋ ಬೀಗರು ಹೇಳಿದ್ದರಂತೆ. ಅವರು ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದು, ಭಾನುವಾರಕ್ಕೆ ಗದ್ವಾಲದ ಮನೆಗೆ ಬರುವವರು. ಮಾಳಪ್ಪನವರು ಮಗಳನ್ನು ಕರೆದುಕೊಂಡು ಹೋಗಿ, ಎಲೆ, ಅಡಿಕೆ, ತೆಂಗಿನಕಾಯಿ ಕೊಟ್ಟು, ಪಿಎಚ್.ಡಿ.ಗೆ ಸೇರಿಸಿಕೊಳ್ಳಿ ಎಂದು ಕೈಮುಗಿದಿದ್ದರು. ಅವರೂ ಎರಡೂ ಕೈಯಿಂದ ತೆಗೆದುಕೊಂಡು, ‘ಇನ್ನ ಈಕಿ ನಮ್ಮ ಹುಡುಗಿ’ ಅಂದಿದ್ದರು. ಅಲ್ಲಿ ಫೆಲೋಶಿಪ್ಪಿನ ಮಾತೇ ಎದ್ದಿರಲಿಲ್ಲ.

ನಮ್ಮ ಕಡೆ ಎಲೆ ಕೈ ಬದಲಾಯಿತೆಂದರೆ ಮುಗಿಯಿತು. ಹೆಣ್ಣು ಗೊತ್ತು ಮಾಡುವುದಕ್ಕೂ ಅದೇ, ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುವ ಮಾತಿಗೂ ಅದೇ. ಅದು ನನಗೂ ಗೊತ್ತು. ಆದರೂ ಸಿಟ್ಟು ಬಂತು.

“ಮಾಳಪ್ಪಣ್ಣ, ಇದು ಲಗ್ನ ಅಲ್ಲ. ಅಕಿ ಓದು.”

“ಎಲಿ ಎದಕ್ಕ ಕೊಟ್ರೂ ಎಲೀನ ಅಲ್ರೀ ಅಮ್ಮಾರ? ಒಬ್ಬರ ಹೊಲದಾಗ ಕುರಿ ನಿಲ್ಲಸ್ತೀನಂತ ಎಲಿ ತೊಗೊಂಡಿರ್ತೀನಿ. ಬಾಜೂ ಹೊಲದಾವ ಒಂದು ಚೀಲ ಜ್ವಾಳ ಜಾಸ್ತಿ ಕೊಡ್ತೀನಂದ್ರ ಅಲ್ಲಿಗೆ ಹೊಡಕೊಂಡು ಹೋಗಾಕ ಬರ್ತೈತೇನ್ರಿ?”

ಆ ಮಾತಿನ ಮೇಲೆಯೇ ಅವರ ಬದುಕು ನಡೆದಿತ್ತು. ಕೊನೆಗೆ ಒಂದು ದಾರಿ ಕಂಡಿತು. ಎಲೆ ತೆಗೆದುಕೊಂಡವರೇ ‘ಹೋಗಲಿ’ ಅಂದರೆ ಮಾತು ಮುರಿದಂತಾಗುವುದಿಲ್ಲ. ಅದಕ್ಕೆ ಮಾಳಪ್ಪನವರು ಒಪ್ಪಿದರು. ಒಪ್ಪಿಗೆ ತಿಳಿಸಲು ಸೋಮವಾರ ಕಡೆಯ ದಿನ, ಪ್ರೊಫೆಸರ್ ಸಿಗುವುದು ಭಾನುವಾರ. ಆ ಭಾನುವಾರ ನಾನು ಬೆಳಿಗ್ಗೆಯ ಬಸ್ಸು ಹಿಡಿದೆ, ಅಪ್ಪ ಮಗಳು ಉಟ್ಕೂರಿನಲ್ಲಿ ಹತ್ತಿದರು. ಮಕ್ತಲ್‌ನಲ್ಲಿ ಬಸ್ಸು ಬದಲಿಸಿ ಗದ್ವಾಲ ಮುಟ್ಟಿದೆವು.

ಪ್ರೊಫೆಸರ್ ಆದರದಿಂದಲೇ ಒಳಗೆ ಕರೆದರು. ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ ಮಳೆ ಬೆಳೆ ವಿಚಾರಿಸಿದರು, ಚಹಾ ತರಿಸಿದರು. ನಾನು ಸುತ್ತಿ ಬಳಸದೆ ವಿಷಯ ಹೇಳಿ, ಹುಡುಗಿಯನ್ನು ಆಶೀರ್ವಾದ ಮಾಡಿ ಕಳಿಸಿಕೊಡಿ ಎಂದು ಕೇಳಿದೆ.

ಅವರ ಮುಖ ಬಿಗಿಯಿತು, ಮಾತು ತೆಲುಗಿಗೆ ತಿರುಗಿತು. ಇಬ್ಬರಿಗೂ ಕನ್ನಡ ಗೊತ್ತಿದ್ದೂ ದೊಡ್ಡಸ್ತಿಕೆ ತೋರಿಸಬೇಕಾದಾಗ ನಮ್ಮಲ್ಲಿ ಹಾಗೆ ತಿರುಗುವುದುಂಟು. ಈ ಹುಡುಗಿಯ ಸಲುವಾಗಿ ಬೇರೊಬ್ಬರನ್ನು ಬೇಡವೆಂದಿದ್ದೇನೆ, ಲ್ಯಾಬಿನಲ್ಲಿ ಕೆಲಸ ಕಾದು ಕೂತಿದೆ ಎಂದರು. ಫೆಲೋಶಿಪ್ ಕೊಡಿಸುತ್ತೀರಾ ಎಂದು ಕೇಳಿದೆ. ಮುಂದೆ ನೋಡೋಣ, ಅಲ್ಲಿಯವರೆಗೆ ವಿಶ್ವವಿದ್ಯಾಲಯದ ಊರಿನ ನಮ್ಮ ಮನೆಯಲ್ಲಿಯೇ ಇರಲಿ, ಮಕ್ಕಳಿಗೂ ಜೊತೆಯಾಗುತ್ತದೆ ಎಂದರು. ನಾನು ಭಯಪಟ್ಟಿದ್ದು ಇದಕ್ಕೇ. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಆಗ ಅವರು ನನ್ನನ್ನು ಬಿಟ್ಟು ಮಾಳಪ್ಪನವರ ಕಡೆ ನೋಡಿ ಮತ್ತೆ ಕನ್ನಡಕ್ಕೆ ಬಂದರು.

“ನಾ ಹೋಗ್ಲಿ ಅನ್ನಂಗಿಲ್ಲ ಮಾಳಪ್ಪ. ಎಲಿ ಕೊಟ್ಟಾವ ನೀನು. ಮುರಕೊಂಡು ಹೋಗೂದಿದ್ರ ನೀನ ಹೋಗು.”

ಎಲೆಯ ಬೆಲೆ ಗೊತ್ತಿಲ್ಲದವರಾಗಿದ್ದರೆ ನಕ್ಕು ಕಳಿಸುತ್ತಿದ್ದರು. ಗೊತ್ತಿದ್ದೇ ಅದನ್ನು ಹಗ್ಗ ಮಾಡಿಕೊಂಡರು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಮಾಳಪ್ಪನವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು, “ಆತ್ರಿ ಸಾರ. ಮಾತು ಅಂದ್ರ ಮಾತು. ಅಕಿ ನಿಮ್ಮ ಕಡೇನ ಬರ್ತಾಳ” ಅಂದರು.

ಆಗ ರೇಣುಕಾ ಬಾಯಿ ಬಿಟ್ಟಳು. ಎದ್ದು ನಿಂತಿದ್ದಳು.

“ಎಲಿ ಕೊಟ್ಟಾವ ನಮ್ಮಪ್ಪ. ತೊಗೊಂಡಾವ್ರು ನೀವು. ಓದಾಕ ಹೋಗಾಕಿ ನಾನು. ನಾ ಯಾರಿಗೂ ಮಾತು ಕೊಟ್ಟಿಲ್ರಿ ಸಾರ. ನಾ ಫೆಲೋಶಿಪ್ ಸಿಕ್ಕಲ್ಲಿಗೇ ಹೋಗ್ತೀನಿ.”

ಪ್ರೊಫೆಸರ್ ಎದ್ದು ಒಳಗೆ ಹೋದರು. ನಾವು ಚಪ್ಪಲಿ ಮೆಟ್ಟಿ ಹೊರಬಿದ್ದೆವು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ರೇಣುಕಾ ಮೊಬೈಲಿನಲ್ಲಿ ಒಪ್ಪಿಗೆ ಕಳಿಸಿದಳು. ಎರಡು ಸಲ ತಪ್ಪಿತು, ನಾನು ಪಕ್ಕದಲ್ಲಿ ಕೂತು ಓದಿ ಹೇಳಿದೆ. ನನಗೆ ಹೆಮ್ಮೆಯಾಗಿತ್ತು. ಎಷ್ಟೋ ವರ್ಷ ಬೈದರೂ ಕಲಿಸಲಾಗದ ‘ಇಲ್ಲ’ ಅನ್ನುವ ಮಾತು ಅವಳಿಗೆ ಒಂದು ಗಳಿಗೆಯಲ್ಲಿ ಬಂದಿತ್ತು. ಮಾಳಪ್ಪನವರು ದೂರದ ಕಂಬಕ್ಕೆ ಒರಗಿ, ನಮಗೆ ಬೆನ್ನು ಮಾಡಿ ನಿಂತಿದ್ದರು.

ಮಗಳ ಮೇಲೆ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಸಂಜೆ ಉಟ್ಕೂರಿನಲ್ಲಿ ಇಳಿಯುವ ಮುಂಚೆ, ಮಗಳು ಬಾಗಿಲಿಗೆ ಹೋದ ಮೇಲೆ, ನನ್ನ ಸೀಟಿನ ಹತ್ತಿರ ನಿಂತರು.

“ಅಕಿ ಸೀಟು ಉಳೀತು, ಚಲೋ ಆತು. ನನ್ನ ಮಾತು ಹೋತು. ಎರಡೂ ಉಳಿಯೂ ದಾರಿ ಇರಲಿಲ್ಲೇನ್ರಿ ಅಮ್ಮಾರ?”

ಕೇಳಿದ ದನಿಯಲ್ಲಿ ಕೊಂಕು ಇರಲಿಲ್ಲ. ಓದಿದವರಿಗೆ ಗೊತ್ತಿರಬಹುದು ಎಂದೇ ಕೇಳಿದ್ದರು. ಬಸ್ಸು ನಿಂತಿತು, ಅವರು ಇಳಿದು ಹೋದರು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಮಾಳಪ್ಪನವರು ಗದ್ವಾಲದ ಕಡೆ ಕುರಿ ಹೊಡೆದುಕೊಂಡು ಹೋಗಲಿಲ್ಲ. ಅಲ್ಲಿ ಅವರಪ್ಪನ ಕಾಲದಿಂದ ಕುರಿ ನಿಲ್ಲಿಸುತ್ತಿದ್ದ ಹೊಲಗಳಿದ್ದವು. ಯಾರೂ ಬೇಡ ಅಂದಿರಲಿಲ್ಲ. ಮಾತು ಮುರಿದವನು ಯಾವ ಮುಖ ಹೊತ್ತು ಇನ್ನೊಬ್ಬರ ಹತ್ತಿರ ಎಲೆ ತೆಗೆದುಕೊಳ್ಳಲಿ ಎಂದು ಅವರೇ ಹಿಂಡನ್ನು ಬೇರೆ ದಿಕ್ಕಿಗೆ ತಿರುಗಿಸಿದರು.

ರೇಣುಕಾಳ ಕೆಲಸ ಚೆನ್ನಾಗಿ ನಡೆದಿದೆ, ಮೊದಲ ಪ್ರಬಂಧವೂ ಅಚ್ಚಾಗಿದೆ. ಆದರೂ ಅವಳ ಹೆಸರು ಹೇಳಿ ಉಳಿದ ಮಕ್ಕಳಿಗೆ ಬುದ್ಧಿ ಹೇಳಲು ನನಗೆ ಮನಸ್ಸಾಗುವುದಿಲ್ಲ. ನನ್ನ ಕೆಲಸ ನನಗೆ ತಡವಾಗಿ ಕಲಿಸಿದ್ದು ಇಷ್ಟು: ಸೀಟು ಸಿಗುವುದು ಒಬ್ಬರಿಗೆ, ಅದರ ಭಾರ ಬೀಳುವುದು ಮನೆಮಂದಿಗೆಲ್ಲ. ಈಗ ಯಾರೇ ಸಲಹೆ ಕೇಳಿ ಬರಲಿ, ಮೊದಲ ಭಾನುವಾರವೇ ಅಪ್ಪ ಅಮ್ಮನನ್ನು ಜೊತೆಗೆ ಕರೆಸುತ್ತೇನೆ. ಯಾರಿಗೆ ಏನು ಮಾತು ಕೊಟ್ಟಿದ್ದೀರಿ ಎಂದು ವಿಚಾರಿಸಿ, ಆಮೇಲೆ ಅಂಕಪಟ್ಟಿ ನೋಡುತ್ತೇನೆ.

ರೇಣುಕಾ ಈಗಲೂ ಫೋನ್ ಮಾಡುತ್ತಾಳೆ. ಲ್ಯಾಬಿನ ಸುದ್ದಿ, ಗೈಡ್ ಅವರ ಸುದ್ದಿ ಎಲ್ಲ ಆದ ಮೇಲೆ ಅಪ್ಪನನ್ನು ಕೇಳಲಾಗದ್ದನ್ನು ನನ್ನನ್ನು ಕೇಳುತ್ತಾಳೆ:

“ಮೇಡಂ, ನಮ್ಮಪ್ಪ ಈ ಸಲ ಗದ್ವಾಲದ ಕಡೆ ಹೋದ್ನೇನ್ರಿ?”

“ಇಲ್ಲವ್ವ” ಅನ್ನುತ್ತೇನೆ. ಅವಳಿಗೆ ಸುಳ್ಳು ಹೇಳಲಾರೆ.