ಗಿಟಾರಿಗೆ ಕಟ್ಟಿದ ಪೆನ್ಸಿಲ್

ನನ್ನ ಹೆಂಡತಿಯ ಹಾಡಿನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗ ಒಪ್ಪಿಕೊಳ್ಳುತ್ತೇನೆ, ಆಗ ಯಾರಾದರೂ ಹಾಗಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ನಲವತ್ತರ ದಶಕದ ಕೊನೆ. ಚಾಮರಾಜಪೇಟೆಯಲ್ಲಿ ಬಾಡಿಗೆ ಮನೆ, ಕಚೇರಿಯಲ್ಲಿ ಗುಮಾಸ್ತೆ ಕೆಲಸ. ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬನಿಂದ ಎರಡು ವರ್ಷ ಬೆರಳು ಕೊಯ್ದುಕೊಂಡು ಗಿಟಾರ್ ಕಲಿತಿದ್ದೆ. ಇವಳು ಯಾರ ಬಳಿಯೂ ಕಲಿತವಳಲ್ಲ. ಅಕ್ಕಿ ಆರಿಸುತ್ತ ದೇವರನಾಮ ಹಾಡಿದರೆ ಪಕ್ಕದ ಮನೆಯವರು ಮಾತು ನಿಲ್ಲಿಸುತ್ತಿದ್ದರು. ನಾನು ನುಡಿಸಿದರೆ ಕಿಟಕಿ ಮುಚ್ಚುತ್ತಿದ್ದರು.

ಅವಳ ಕಂಠಕ್ಕೆ ನನ್ನ ಗಿಟಾರಿನ ಶ್ರುತಿ ತಗ್ಗಾಗುತ್ತಿತ್ತು. ಅದಕ್ಕೆ ಉಪಾಯವನ್ನೂ ಆ ಸಹೋದ್ಯೋಗಿಯೇ ಹೇಳಿಕೊಟ್ಟ. ಕ್ಯಾಪೋ ಅಂತ ಒಂದು ಬರುತ್ತದೆ, ಅದನ್ನು ತಂತಿಗಳ ಮೇಲೆ ಅಡ್ಡ ಬಿಗಿದರೆ ಶ್ರುತಿ ಏರುತ್ತದೆ, ಬೆರಳಿನ ಪಾಠ ಬದಲಾಗುವುದಿಲ್ಲ. ನಮಗೆಲ್ಲಿಯ ಕ್ಯಾಪೋ. ಗಿಡ್ಡ ಪೆನ್ಸಿಲನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟುತ್ತಿದ್ದೆ. ಗಿಟಾರಿನ ಕತ್ತಿನ ಗೆರೆಗಳ ನಡುವಿನ ಜಾಗಕ್ಕೆ ಮನೆ ಅನ್ನುತ್ತಿದ್ದೆವು. ಅವಳಿಗೆ ಮೂರನೇ ಮನೆ ಸರಿಹೋಗುತ್ತಿತ್ತು. ಅದರಿಂದ ಮೇಲೆ ಹೋದರೆ ಗಂಟಲು ಹಿಡಿಯುತ್ತಿತ್ತು.

ಬೀದಿಯ ಗಣೇಶನ ಚಪ್ಪರದಲ್ಲಿ ಒಂದು ವರ್ಷ ಹಾಡಿದಳು. ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ನಿಮ್ಮ ಮನೆಯವರು ಏನ್ ಹಾಡ್ತಾರ್ರೀ. ನೀವೂ ಪಕ್ಕದಲ್ಲಿ ಏನೋ ನುಡಿಸ್ತಾ ಇದ್ರಿ, ಅಲ್ವಾ?" ಅಂದರು. ಏನೋ ಅಂತೆ. ಆ 'ಏನೋ' ವರ್ಷವಿಡೀ ನನ್ನ ಕಿವಿ ಬಿಡಲಿಲ್ಲ.

ಮರುವರ್ಷವೂ ಅವಳನ್ನೇ ಕರೆದರು. ಒಂದು ತಿಂಗಳು ಅಭ್ಯಾಸ ಮಾಡಿದಳು. ತವರಿನವರೂ ಬಂದು ಮುಂದೆ ಕೂತಿದ್ದರು. ನಾನು ಚಪ್ಪರದ ಹಿಂದೆ ನಿಂತು ಪೆನ್ಸಿಲನ್ನು ಐದನೇ ಮನೆಗೆ ಕಟ್ಟಿದೆ. ಒಂದು ಸಲ ಇವಳೂ ಎಡವಲಿ, ಆಗಲಾದರೂ ಜನಕ್ಕೆ ಗಿಟಾರ್ ಕೇಳಿಸುತ್ತದೆ ಅಂದುಕೊಂಡೆ.

ಶ್ರುತಿ ಕೇಳಿ ಅವಳು ಒಂದು ಕ್ಷಣ ತಡೆದಳು. ಪಲ್ಲವಿ ಹೇಗೋ ದಾಟಿಸಿದಳು. ಚರಣದಲ್ಲಿ ಮೇಲೇರುವ ಕಡೆ ದನಿ ಒಡೆಯಿತು. ಇನ್ನೊಮ್ಮೆ ಎತ್ತಿದಳು, ಮತ್ತೆ ಒಡೆಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳು ನನ್ನ ಕಡೆ ತಿರುಗಿದಳು; ನನ್ನ ಮುಖ ನೋಡಲಿಲ್ಲ, ಗಿಟಾರಿನ ಕತ್ತು ನೋಡಿದಳು. ಆಮೇಲೆ ಜನಕ್ಕೆ ಕೈಮುಗಿದು ಎದ್ದುಬಿಟ್ಟಳು.

ಮನೆಗೆ ಬಂದು ಕಾಫಿ ಕೊಟ್ಟಳು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

"ನಾನು ಹಾಡೋದು ನಿಮಗೆ ಇಷ್ಟ ಇಲ್ಲ ಅಂತ ಮೊದಲೇ ಹೇಳ್ಬಿಡ್ಬೇಕಿತ್ತು," ಅಂದಳು.

"ಕತ್ತಲಲ್ಲಿ ಯಾವ ಮನೆ ಅಂತ ಗೊತ್ತಾಗ್ಲಿಲ್ಲ ಕಣೆ," ಅಂದೆ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ಮುಂದಿನ ವರ್ಷ ಚಪ್ಪರದವರು ಮತ್ತೆ ಕರೆಯಲು ಬಂದರು. ಒಳ್ಳೆಯ ಜನ, ಆದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನನ್ನ ಗಂಟಲು ಹೋಗಿದೆ. ನಮ್ಮ ಯಜಮಾನ್ರು ಚೆನ್ನಾಗಿ ನುಡಿಸ್ತಾರೆ, ಅವರನ್ನೇ ಕರ್ಕೊಂಡ್ಹೋಗಿ."

ಹೋದೆ. ಒಬ್ಬನೇ ಕೂತು ಅರ್ಧ ಗಂಟೆ ನುಡಿಸಿದೆ. ಜನ ಪ್ರಸಾದಕ್ಕೆ ಕಾಯುತ್ತ ಮಾತಾಡಿಕೊಳ್ಳುತ್ತಿದ್ದರು. ಅವಳೊಬ್ಬಳು ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಿದಳು.