ಅಮಲ್ದಾರರಿಲ್ಲದ ತಾಲ್ಲೂಕಿನವಳು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಅಪ್ಪ ಅಮ್ಮತ್ತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ನಮ್ಮದು ಮೂಲತಃ ಸೋಮವಾರಪೇಟೆ ಕಡೆ; ಅಪ್ಪನ ಮಾತಿನಿಂದ ಆ ಕಡೆಯ ರಾಗ ಕೊನೆಯವರೆಗೂ ಹೋಗಲಿಲ್ಲ. ಆಳುಗಳ ಹಾಜರಿ ಬರೆಯುವುದು, ಪಿಕ್ಕಿಂಗ್ ದಿನಗಳಲ್ಲಿ ಹಣ್ಣಿನ ತೂಕ ಬರೆಯುವುದು ಅವರ ಕೆಲಸ. ಆ ವರ್ಷ ಅವರ ಎರಡು ಕಣ್ಣಿಗೂ ಪೊರೆ ಬಂತು. ಪೊರೆ ಇನ್ನೂ ಬಲಿಯಬೇಕು, ಆಮೇಲೆ ಆಪರೇಷನ್ ಎಂದರು ಡಾಕ್ಟರು. ಅಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಒಬ್ಬರ ಸಾಲಿನ ಮೇಲೆ ಇನ್ನೊಬ್ಬರ ಗುರುತು ಬೀಳತೊಡಗಿತ್ತು. ಎಸ್ಟೇಟಿನ ದೊರೆಗಳು ಬಯ್ಯಲಿಲ್ಲ. ಪುಸ್ತಕ ತೆಗೆದುಕೊಂಡು, ಅಪ್ಪನನ್ನು ಕಾಫಿ ಒಣಗಿಸುವ ಕಣ ಕಾಯಲು ಹಾಕಿದರು. ಸಂಬಳ ಅರ್ಧಕ್ಕಿಳಿಯಿತು.

ನನಗೆ ಬರುತ್ತಿದ್ದ ವಿದ್ಯಾರ್ಥಿವೇತನ ಕಾಲೇಜಿನ ಫೀಸಿಗೆ ಮಾತ್ರ ಸಾಲುತ್ತಿತ್ತು. ಹಾಸ್ಟೆಲ್ಲಿನ ಖರ್ಚು ಅಪ್ಪನ ಸಂಬಳದ್ದು. ಬೇರೆ ದಾರಿ ಕಾಣದೆ ವಿಶ್ವವಿದ್ಯಾನಿಲಯದ ಕಚೇರಿಗೆ ಹೋಗಿ, ಇನ್ನಷ್ಟು ಸಹಾಯಧನ ಕೊಡಿ ಎಂದು ಕೇಳಿದೆ.

ಕಿಟಕಿಯ ಆಚೆಗಿದ್ದ ಗುಮಾಸ್ತರು ತಲೆಯೆತ್ತದೆ ಹೇಳಿದರು: "ಹೆಚ್ಚಿಗೆ ಬೇಕು ಅಂದ್ರೆ ಹೊಸ ಆದಾಯದ ಸರ್ಟಿಫಿಕೇಟು ತರ್ಬೇಕಮ್ಮ. ಅಮಲ್ದಾರರ ರುಜು, ಮೊಹರು ಎರಡೂ ಇರ್ಬೇಕು."

ಶನಿವಾರದ ಬಸ್ಸು ಹಿಡಿದು ಊರಿಗೆ ಹೋದೆ. ಸೋಮವಾರ ವಿರಾಜಪೇಟೆಯ ತಾಲ್ಲೂಕು ಕಚೇರಿಯಲ್ಲಿ ಅರ್ಧ ದಿನ ಕಾದು ಸರ್ಟಿಫಿಕೇಟು ಬರೆಸಿಕೊಂಡೆ. ಸಹಿ ಮಾಡಿದವರು ಸುಬೇದಾರರು. ಮೈಸೂರಿನವರು ಅಮಲ್ದಾರರೆನ್ನುವ ತಾಲ್ಲೂಕಿನ ಅಧಿಕಾರಿಗೆ ನಮ್ಮಲ್ಲಿ ಆಗಿನ್ನೂ ಅದೇ ಹೆಸರು. ಮಂಗಳವಾರ ಅದನ್ನು ಕಿಟಕಿಯೊಳಗೆ ತೂರಿಸಿದಾಗ ಗುಮಾಸ್ತರು ಮೊದಲ ಸಲ ನನ್ನ ಮುಖ ನೋಡಿದರು.

"ಸುಬೇದಾರ ಅಂದ್ರೆ ಮಿಲಿಟರಿಯವರಲ್ವೇನಮ್ಮ? ರಿಟೈರಾದವರ ಹತ್ರ ಸಹಿ ಹಾಕಿಸ್ಕೊಂಡು ಬಂದ್ರೆ ನಡೆಯತ್ತಾ?"

"ಇಲ್ಲ ಸಾರ್, ಕೊಡಗಿನಲ್ಲಿ ತಾಲ್ಲೂಕಿನ ಅಧಿಕಾರಿಗೇ ಸುಬೇದಾರರು ಅಂತಾರೆ. ನಮ್ಮಲ್ಲಿ ಅಮಲ್ದಾರರು ಇಲ್ಲ."

"ಅಮಲ್ದಾರರಿಲ್ಲದ ತಾಲ್ಲೂಕು ಯಾವುದಮ್ಮ? ಫಾರಮ್ಮಿನಲ್ಲಿ ಅಮಲ್ದಾರ ಅಂತ ಅಚ್ಚಾಗಿದೆ. ನಾನೇನು ಮಾಡ್ಲಿ?"

ಸರ್ಟಿಫಿಕೇಟಿನ ಮೊಹರಿನಲ್ಲಿ ತಾಲ್ಲೂಕಿನ ಹೆಸರು ದಪ್ಪಕ್ಷರದಲ್ಲಿತ್ತು. ಅದನ್ನು ಬೆರಳಿಟ್ಟು ತೋರಿಸಿದೆ. ಅವರು ಕಾಗದವನ್ನು ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿ ವಾಪಸು ಕೊಟ್ಟರು.

ಇನ್ನೊಂದು ಶನಿವಾರ, ಇನ್ನೊಂದು ಬಸ್ಸು. ಸುಬೇದಾರರು ಕೊಡವರು, ಮಾತು ಕಡಿಮೆ. ನನ್ನ ಕತೆ ಕೇಳಿ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

"ನಾನು ಅಮಲ್ದಾರ ಅಂತ ಬರೆದರೆ ಅದು ಸುಳ್ಳಾಗ್ತದಲ್ಲ? ನಾವು ಇದೇ ರಾಜ್ಯದಲ್ಲಿ ಇದ್ದೇವೆ ಅಂತ ಅವರಿಗೆ ಯಾರೂ ಹೇಳಲಿಲ್ಲವಾ?"

ಆದರೂ ಮುಚ್ಚಳ ಮತ್ತೆ ತೆಗೆದು, ಸುಬೇದಾರ ಮತ್ತು ಅಮಲ್ದಾರ ಒಂದೇ ಎಂದು ವಿವರಿಸಿ ಒಂದು ಪತ್ರ ಬರೆದುಕೊಟ್ಟರು. ಗುಮಾಸ್ತರು ಆ ಪತ್ರವನ್ನು ಫೈಲಿಗೆ ಸೇರಿಸಿ, 'ಸ್ಪಷ್ಟೀಕರಣಕ್ಕಾಗಿ' ಎಂದು ಬರೆದು ಮೇಲಿನ ಅಧಿಕಾರಿಗೆ ಕಳಿಸಿದರು. ಫೈಲು ಅಲ್ಲಿ ಆರು ವಾರ ಕೂತಿತು. ಪ್ರತಿ ಗುರುವಾರ ಪ್ರಾಕ್ಟಿಕಲ್ ಮುಗಿಸಿ, ಆಸಿಡ್ಡಿನ ವಾಸನೆಯ ಕೈಯಲ್ಲೇ ಹೋಗಿ ವಿಚಾರಿಸುತ್ತಿದ್ದೆ. ಪ್ರತಿ ಗುರುವಾರವೂ "ಬಂದಿಲ್ಲ".

ಕಡೆಗೆ ಆ ಅಧಿಕಾರಿಯನ್ನೇ ಕಾಣಲು ಅವಕಾಶ ಸಿಕ್ಕಿತು. ಅವರು ಅರ್ಜಿಯನ್ನು ಓದಿ ನಕ್ಕರು.

"ಕೊಡಗು, ಕಾಫಿ ಎಸ್ಟೇಟು. ನಿಮ್ಮಂಥವರಿಗೂ ಸಹಾಯಧನ ಬೇಕೇನಮ್ಮ?"

"ಎಸ್ಟೇಟು ನಮ್ಮದಲ್ಲ ಸಾರ್. ಅಪ್ಪ ಅಲ್ಲಿ ಕೆಲಸಕ್ಕಿದ್ದಾರೆ."

"ಹಾಗಂತ ಎಲ್ಲರೂ ಹೇಳ್ತಾರೆ. ನಿಮ್ಮ ತಂದೆಯವರೇ ಬಂದು ಹೇಳಿಕೆ ಕೊಡಲಿ."

ಕಣ್ಣು ಕಾಣದವರನ್ನು ಅಷ್ಟು ದೂರ ಕರೆಸುವುದು ಹೇಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. "ಆಗಲಿ ಸಾರ್" ಎಂದು ಹೊರಗೆ ಬಂದೆ. ಹಾಗೆಂದ ನನ್ನ ನಾಲಿಗೆಯ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಅಪ್ಪ ಬಂದರು. ಮದುವೆಮನೆಗೆ ಮಾತ್ರ ಹಾಕುತ್ತಿದ್ದ ಕರಿ ಕೋಟು ಹಾಕಿಕೊಂಡಿದ್ದರು. ಬಸ್ಸಿನಿಂದ ಇಳಿಯುವಾಗ ಕಂಡಕ್ಟರು ಕೈ ಹಿಡಿಯಲು ಬಂದರೆ ಬೇಡವೆಂದು, ಕಾಲಿನಿಂದ ನೆಲ ತಡವಿಕೊಂಡು ತಾವೇ ಇಳಿದರು. ಕಚೇರಿಯಲ್ಲಿ ನಾವಿಬ್ಬರೂ ಒಂದು ಗಂಟೆ ನಿಂತೇ ಇದ್ದೆವು. ಅಧಿಕಾರಿ ಒಂದು ಕಾಗದ ಮುಂದೆ ತಳ್ಳಿ, "ಓದಿ ಸಹಿ ಮಾಡಿ" ಎಂದರು.

ಅಪ್ಪ ಕಾಗದವನ್ನು ಮುಖದ ಹತ್ತಿರ ತಂದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ತಿರುಗಿಸಿದರು. ಆಮೇಲೆ ಮೆಲ್ಲನೆ ನನ್ನ ಕಡೆ ಬಾಗಿದರು. "ಎಲ್ಲಿ ಮಾಡ್ಬೇಕು ಅಂತ ಬೆರಳಿಟ್ಟು ತೋರ್ಸವ್ವ. ಓದೋದು ಬ್ಯಾಡ."

ಮೂವತ್ತು ವರ್ಷ ಬರೆದ ಕೈ. ಸಹಿ ಗೆರೆಯ ಮೇಲೆ ನೆಟ್ಟಗೆ ಕೂತಿತು. ಅಧಿಕಾರಿ ಅದನ್ನೂ ಅಪ್ಪನ ಕಣ್ಣನ್ನೂ ನೋಡಿ, "ಮಾಡಿಕೊಡೋಣ" ಎಂದರು. ಕೂತುಕೊಳ್ಳಿ ಎಂದು ಆಗಲೂ ಹೇಳಲಿಲ್ಲ.

ಆದೇಶ ಬರಲು ಮತ್ತೆ ಎರಡು ತಿಂಗಳು ಹಿಡಿಯಿತು. ಅಷ್ಟರೊಳಗೆ ಹಾಸ್ಟೆಲ್ಲಿನ ಬಾಕಿ ಏರಿ, ವಾರ್ಡನ್ ನೋಟೀಸು ಕೊಟ್ಟು, ನಾನು ಕೋಣೆ ಬಿಡಬೇಕಾಯಿತು. ಸಹಪಾಠಿಯೊಬ್ಬಳ ಅಜ್ಜಿಯ ಮನೆಯ ಹಿಂಬದಿಯಲ್ಲಿದ್ದ ಸಣ್ಣ ಕೋಣೆ ಸಿಕ್ಕಿತು. ಬಾಡಿಗೆಗೆ ಬದಲು ಆ ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಲೆಕ್ಕ, ವಿಜ್ಞಾನ ಹೇಳಿಕೊಡುತ್ತಿದ್ದೆ. ಆದೇಶ ಬಂತೆಂದು ಗೊತ್ತಾದ ದಿನ ಕಚೇರಿಗೆ ಓಡಿದೆ. ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿದರು: 'ವಿದ್ಯಾರ್ಥಿನಿಲಯದಲ್ಲಿ ವಾಸವಾಗಿರುವ ಸದರಿ ವಿದ್ಯಾರ್ಥಿನಿಗೆ'.

"ನೀವು ಈಗ ಹಾಸ್ಟೆಲ್ಲಿನಲ್ಲಿ ಇಲ್ವಲ್ಲಮ್ಮ."

"ದುಡ್ಡಿಲ್ಲದೆ ತಾನೇ ಬಿಟ್ಟಿದ್ದು? ನೀವು ಕೊಟ್ಟಿದ್ರೆ ಯಾಕೆ ಬಿಡ್ತಿದ್ದೆ?"

"ಅದು ಸರಿ. ಆದ್ರೆ ಆರ್ಡರು ಹೀಗಿದೆ. ಇನ್ನೊಂದು ಅರ್ಜಿ ಕೊಡಿ, ನೋಡೋಣ."

"ಎಷ್ಟು ಸಲ ನೋಡ್ತೀರಿ?" ನನ್ನ ದನಿ ನನಗೇ ಅಪರಿಚಿತವಾಗಿತ್ತು. ಒಳಗೆ ಟೈಪು ಮಾಡುತ್ತಿದ್ದವರು ನಿಲ್ಲಿಸಿ ನೋಡಿದರು. ಗುಮಾಸ್ತರು ಮಾತ್ರ ಬೇಸರಿಸಿಕೊಳ್ಳದೆ ಹೊಸ ಫಾರಮ್ಮು ತೆಗೆದು ನನ್ನ ಮುಂದಿಟ್ಟರು. ನಾನು ಅದನ್ನು ಮುಟ್ಟಲಿಲ್ಲ.

ಅದೇ ಕೋಣೆಯಲ್ಲಿದ್ದುಕೊಂಡು ಡಿಗ್ರಿ ಮುಗಿಸಿದೆ. ಆಮೇಲಿನ ಬೇಸಗೆಯಲ್ಲಿ ಅಪ್ಪನ ಆಪರೇಷನ್ನೂ ಆಯಿತು. ದಪ್ಪ ಕನ್ನಡಕ ಹಾಕಿಕೊಂಡು ನನ್ನ ಅಂಕಪಟ್ಟಿಯನ್ನು ಮೂರು ಸಲ ಓದಿದ ಮೇಲೆ ಅವರು ಕೇಳಿದರು: "ಆ ದುಡ್ಡು ಕೊನೆಗೂ ಕೊಟ್ರೇನವ್ವ?"

ಕೋಟು ಹಾಕಿಕೊಂಡು ಅಷ್ಟು ದೂರ ಬಂದು ನಿಂತಿದ್ದವರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. "ಕೊಟ್ರು" ಎಂದುಬಿಟ್ಟೆ.

ಅಲ್ಲಿಂದಾಚೆ ಅಮ್ಮತ್ತಿ ಸಂತೆಯಲ್ಲಿ ಯಾರು ಸಿಕ್ಕರೂ ಅಪ್ಪ ಆ ಅಧಿಕಾರಿಯನ್ನು ಹೊಗಳುತ್ತಿದ್ದರು. "ನನ್ ಸಹಿ ನೋಡಿದ್ದೇ ತಡ, ಮಾಡ್ಕೊಟ್ಬಿಟ್ರು. ದೊಡ್ಡ ಮನುಷ್ಯ." ನಾನು ಪಕ್ಕದಲ್ಲಿ ಚೀಲ ಹಿಡಿದುಕೊಂಡು, ಹಲ್ಲು ಕಚ್ಚಿ ನಿಂತಿರುತ್ತಿದ್ದೆ.